ಬದಲಿಸಲಾಗದ್ದಕ್ಕೆ ಮೊದಲ ದುಡ್ಡು

2025ರ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಮಾವ ಮೊಬೈಲ್ ಹಿಡಿದುಕೊಂಡೇ ಮನೆಗೆ ಬಂದರು. ಮಾವ ಎಂದರೆ ನನ್ನ ಅಮ್ಮನ ತಮ್ಮ. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ನಲವತ್ತು ವರ್ಷ ಉಡುಪಿ ಹೋಟೆಲು ನಡೆಸಿ, ಈಗ ಗಲ್ಲಾವನ್ನು ಮಗನಿಗೆ ಬಿಟ್ಟುಕೊಟ್ಟವರು. ಗಲ್ಲಾ ಬಿಟ್ಟರೂ ಹಿಟ್ಟು ಬಿಟ್ಟಿಲ್ಲ. ಬೆಳಿಗ್ಗೆ ಐದಕ್ಕೆ ಹೋಗಿ ಹುಳಿ ಬಂದಿದೆಯೇ ಎಂದು ನೋಡದಿದ್ದರೆ ಅವರಿಗೆ ದಿನ ಶುರುವಾಗುವುದಿಲ್ಲ. ಮೊಬೈಲಿನ ಪರದೆಯಲ್ಲಿ ಎರಡು ಟೆನಿಸ್ ರ‍್ಯಾಕೆಟ್‌ಗಳಿದ್ದವು. ಒಂದಕ್ಕೆ 1,400 ರೂಪಾಯಿ, ಇನ್ನೊಂದಕ್ಕೆ 18,000.

“ಅಳಿಯಾ, ಎರಡಕ್ಕೂ ಹಿಡಿ ಇದೆ, ಎರಡಕ್ಕೂ ಬಲೆ ಇದೆ. ಉಳಿದ ಹದಿನಾರು ಸಾವಿರದ ಆರುನೂರು ಎಲ್ಲಿ ಅಡಗಿ ಕೂತಿದೆ? ಸ್ವಲ್ಪ ತೋರಿಸು ಮಾರಾಯ.”

ಬೇಕಾಗಿದ್ದುದು ಎಂಟು ವರ್ಷದ ಮೊಮ್ಮಗಳಿಗೆ. 2025ರ ಫೆಬ್ರವರಿಯಲ್ಲಿ ಚರ್ಚ್‌ಗೇಟ್ ಬಳಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಂಗಣದಲ್ಲಿ ಮುಂಬಯಿ ಓಪನ್ ನಡೆದಾಗ ಅವಳು ಗೆಳತಿಯ ಮನೆಯವರ ಜೊತೆ ನೋಡಲು ಹೋಗಿದ್ದಳು. ಕೊಯಮತ್ತೂರಿನ 15 ವರ್ಷದ ಮಾಯಾ ರಾಜೇಶ್ವರನ್ ಸೆಮಿಫೈನಲ್ ತನಕ ಏರಿದ ವಾರ ಅದು. ತನ್ನ ಅಕ್ಕನ ಪ್ರಾಯದ ಹುಡುಗಿಯೊಬ್ಬಳು ದೊಡ್ಡವರನ್ನು ಸೋಲಿಸುವುದನ್ನು ಕಂಡ ಮಗು ಮನೆಗೆ ಬಂದು ಚಪಾತಿ ಲಟ್ಟಣಿಗೆಯಲ್ಲಿ ಗೋಡೆಗೆ ಚೆಂಡು ಹೊಡೆಯತೊಡಗಿತು. ಕಲಿನಾದ ಒಂದು ಸೊಸೈಟಿಯ ಅಂಗಣದಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿಸಿದ್ದಾಯಿತು. ಇನ್ನು ರ‍್ಯಾಕೆಟ್ ಬಂದರೆ ಲಟ್ಟಣಿಗೆ ಅಡುಗೆಮನೆಗೆ ಮರಳುತ್ತದೆ.

ನಾನು ಆಟಗಾರನಲ್ಲ, ವಾರಕ್ಕೆ ಎರಡು ದಿನ ಬೆವರು ಸುರಿಸುವವನು. ಆದರೆ ರ‍್ಯಾಕೆಟ್ ಕೊಳ್ಳುವಾಗ ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿ ಮುಗಿಸಿದವನು. ಆ ಅರ್ಹತೆಯ ಮೇಲೆ ಮಾವನಿಗೆ ಒಂದು ಮರುಪ್ರಶ್ನೆ ಹಾಕಿದೆ. “ಹೋಟೆಲು ಹಾಕುವಾಗ ನಿಮ್ಮ ಕೈಯಲ್ಲಿ ದುಡ್ಡು ಕಡಿಮೆ ಇತ್ತಲ್ಲ, ಮೊದಲು ಯಾವುದಕ್ಕೆ ಹಾಕಿದಿರಿ?”

“ಕಾವಲಿಗೆ. ದಪ್ಪ ಕಬ್ಬಿಣದ್ದು. ಕುರ್ಚಿ ಮುರಿದರೆ ಬೇರೆ ತರಬಹುದು, ಬೋರ್ಡಿಗೆ ಮತ್ತೆ ಬಣ್ಣ ಹೊಡೆಸಬಹುದು. ಕಾವಲಿ ತೆಳು ಆದರೆ ದೋಸೆ ಒಂದು ಬದಿ ಕರಿ, ಒಂದು ಬದಿ ಹಸಿ. ಅದಕ್ಕೆ ರಿಪೇರಿ ಇಲ್ಲ.”

ನನಗೆ ಹೇಳಬೇಕಾಗಿದ್ದುದನ್ನು ಅವರೇ ಹೇಳಿಬಿಟ್ಟರು. ರ‍್ಯಾಕೆಟ್‌ನಲ್ಲಿಯೂ ಹಾಗೆಯೇ ಎರಡು ಜಾತಿಯ ಸಂಗತಿಗಳಿವೆ. ಉದ್ದ, ತೂಕ, ತಲೆಯ ಅಗಲ, ಚೌಕಟ್ಟಿನ ವಸ್ತು ಇವು ಒಮ್ಮೆ ಕೊಂಡ ಮೇಲೆ ಬದಲಾಗುವುದಿಲ್ಲ. ಬಲೆ ಹೆಣೆದ ನರ, ಹಿಡಿಯ ಪಟ್ಟಿ, ಚೀಲ, ಬಣ್ಣ ಇವನ್ನು ಯಾವಾಗ ಬೇಕಾದರೂ ಬದಲಿಸಬಹುದು. ಕಡಿಮೆ ದುಡ್ಡಿರುವವನು ಮೊದಲ ಗುಂಪನ್ನು ಅಂಗಡಿಯಲ್ಲೇ ಸರಿಯಾಗಿ ನೋಡಿಕೊಂಡರೆ ಎರಡನೆಯದನ್ನು ನಿಧಾನಕ್ಕೆ ಸರಿಪಡಿಸಿಕೊಳ್ಳಬಹುದು. ನಾವು ಮಾಡುವುದು ಇದರ ತಿರುವುಮುರುವು: ಹೆಸರು, ಬಣ್ಣ, ಚೀಲ ನೋಡಿ ಕೊಂಡು, ತೂಕ ಹೊಂದದೆ ಮೊಣಕೈ ಹಿಡಿದುಕೊಂಡು ಕೂರುವುದು.

ಮೊದಲು ಉದ್ದ. ದೊಡ್ಡವರ ರ‍್ಯಾಕೆಟ್ ಸಾಮಾನ್ಯವಾಗಿ 27 ಇಂಚು. ನಿಯಮದ ಪ್ರಕಾರ 29 ಇಂಚು ಮೀರುವಂತಿಲ್ಲ. ಮಕ್ಕಳಿಗೆ 19, 21, 23, 25, 26 ಇಂಚಿನವು ಸಿಗುತ್ತವೆ. ವಯಸ್ಸಿಗಿಂತ ಎತ್ತರ ನೋಡುವುದು ಮೇಲು. ಸುಮಾರು 115ರಿಂದ 125 ಸೆಂಟಿಮೀಟರ್ ಎತ್ತರದ ಮಗುವಿಗೆ 23 ಇಂಚು, ಅಲ್ಲಿಂದ 140ರ ಆಸುಪಾಸಿನವರೆಗೆ 25, ಅದರ ಮೇಲೆ 26, ಒಂದೂವರೆ ಮೀಟರ್ ದಾಟಿದ ಮೇಲೆ 27. ಅಳತೆಪಟ್ಟಿ ಇಲ್ಲದಿದ್ದರೆ ಮಗುವನ್ನು ನೇರ ನಿಲ್ಲಿಸಿ, ಕೈ ಇಳಿಬಿಟ್ಟು ರ‍್ಯಾಕೆಟ್‌ನ ಹಿಡಿ ಹಿಡಿಯಲು ಹೇಳಿ. ತುದಿ ನೆಲವನ್ನು ಮುಟ್ಟಿಯೂ ಮುಟ್ಟದಂತಿದ್ದರೆ ಸರಿ. ಕೈ ಮಡಚದೆ ನಿಲ್ಲಲಾಗದಿದ್ದರೆ ಅದು ಮಗುವಿನದ್ದಲ್ಲ, ಅಪ್ಪನ ಆಸೆಯದ್ದು.

ಇಲ್ಲಿ ನಮ್ಮವರ ಒಂದು ಹಳೆಯ ಜಾಣತನ ಅಡ್ಡ ಬರುತ್ತದೆ. ಶಾಲೆಯ ಯೂನಿಫಾರ್ಮನ್ನು ನಾವು ಬೆಳೆಯುವ ಅಳತೆಗೆ ಹೊಲಿಸುತ್ತೇವೆ; ಲಂಗದ ಅಂಚನ್ನು ಒಳಗೆ ಮಡಚಿ ಹೊಲಿದು ವರ್ಷ ವರ್ಷ ಬಿಚ್ಚುತ್ತೇವೆ. ಬಟ್ಟೆಗೆ ಅದು ಸರಿ, ರ‍್ಯಾಕೆಟ್‌ಗೆ ಅಲ್ಲ. ಉದ್ದ ಹೆಚ್ಚಾದ ರ‍್ಯಾಕೆಟ್ ಹಿಡಿದ ಮಗು ಅದರ ಭಾರ ತಡೆಯಲು ಹಿಡಿಯ ಮೇಲಕ್ಕೆ ಕೈ ಸರಿಸುತ್ತದೆ, ಮಣಿಕಟ್ಟನ್ನು ಸೊಟ್ಟ ಮಾಡುತ್ತದೆ, ಚೆಂಡು ಮುಂದಕ್ಕೆ ಬರುವ ಮೊದಲೇ ಹಿಂದಕ್ಕೆ ವಾಲುತ್ತದೆ. ಈ ಅಭ್ಯಾಸಗಳನ್ನು ಬಿಡಿಸಲು ಮುಂದೆ ಕೋಚ್‌ಗೆ ಕೊಡುವ ಫೀಸಿನಲ್ಲಿ ಸರಿಯಳತೆಯ ಎರಡು ರ‍್ಯಾಕೆಟ್ ಬರುತ್ತಿದ್ದವು.

ಚೆಂಡಿನ ಮಾತೂ ಇದರ ಜೊತೆಗೇ ಬರುತ್ತದೆ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಮಕ್ಕಳಿಗೆಂದೇ ಕೆಂಪು, ಕಿತ್ತಳೆ, ಹಸಿರು ಗುರುತಿನ ನಿಧಾನ ಚೆಂಡುಗಳನ್ನು ತಂದಿದೆ. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಸುಮಾರು ಶೇಕಡ 75 ನಿಧಾನ, ಕಿತ್ತಳೆ 50, ಹಸಿರು 25. ಪೂರ್ತಿ ಅಂಗಣ 78 ಅಡಿ ಉದ್ದವಿದ್ದರೆ ಕೆಂಪು ಚೆಂಡಿನ ಅಂಗಣ 36 ಅಡಿಯಷ್ಟೇ. 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಇಂಥ ಚೆಂಡುಗಳನ್ನೇ ಬಳಸಬೇಕೆಂಬ ನಿಯಮವಿದೆ. ಮುಂಬಯಿಯಲ್ಲಿ ಟೆನಿಸ್ ಚೆಂಡು ಕೇಳಿದರೆ ಅಂಗಡಿಯವನು ಹೆಚ್ಚಾಗಿ ಗಲ್ಲಿ ಕ್ರಿಕೆಟ್ಟಿನ ಚೆಂಡು ಕೊಡುತ್ತಾನೆ. ಬಣ್ಣ ಒಂದೇ ಆದರೂ ಅದು ಟಾರು ರಸ್ತೆಗೆ ಮಾಡಿದ್ದು, ಮಗುವಿನ ಕೈಗಲ್ಲ. ಸಾವಿರದೈನೂರರ ರ‍್ಯಾಕೆಟ್ ಮತ್ತು ಸರಿಯಾದ ಚೆಂಡು ಕಲಿಸುವುದನ್ನು ದುಬಾರಿ ರ‍್ಯಾಕೆಟ್ ಮತ್ತು ತಪ್ಪು ಚೆಂಡು ಕಲಿಸಲಾರವು.

ಎರಡನೆಯದು ತೂಕ. ನಮ್ಮ ಕಡೆಯವರಿಗೆ ಟೆನಿಸ್‌ಗಿಂತ ಮೊದಲು ಪರಿಚಯವಾಗುವುದು ಶಟಲ್. ಸಂಜೆ ಬಿಲ್ಡಿಂಗಿನ ಕಾಂಪೌಂಡಿನಲ್ಲಿ ದೀಪ ಹಾಕಿ ಆಡಿದವರ ಮನಸ್ಸಿನಲ್ಲಿ “ಹಗುರ ಆದಷ್ಟೂ ಒಳ್ಳೆಯದು” ಎಂಬ ಮಾತು ಕೂತಿರುತ್ತದೆ. ಶಟಲ್ ರ‍್ಯಾಕೆಟ್ 80–90 ಗ್ರಾಂ ತೂಗುತ್ತದೆ, ಶಟಲ್ ಕಾಕ್ ಐದು ಗ್ರಾಂ. ಟೆನಿಸ್ ಚೆಂಡು 56ರಿಂದ 59.4 ಗ್ರಾಂ, ಅಂದರೆ ಕಾಕ್‌ನ ಹತ್ತು ಪಟ್ಟಿಗೂ ಹೆಚ್ಚು. ಆ ಭಾರ ವೇಗವಾಗಿ ಬಂದು ಬಡಿದಾಗ ಪೆಟ್ಟನ್ನು ಯಾರಾದರೂ ತಾಳಬೇಕು. ರ‍್ಯಾಕೆಟ್‌ನಲ್ಲಿ ತೂಕವಿದ್ದರೆ ಅದು ತಾಳುತ್ತದೆ, ಇಲ್ಲದಿದ್ದರೆ ಕೈ ತಾಳುತ್ತದೆ. ಹಾಗಾಗಿ ತೀರ ಹಗುರವಾದದ್ದು ಎತ್ತಲು ಸುಖ, ಆಡಲು ಕಷ್ಟ. ತೀರ ಭಾರವಾದದ್ದು ಹತ್ತು ನಿಮಿಷ ಚೆನ್ನ, ಆಮೇಲೆ ಭುಜ ಬೀಳುತ್ತದೆ. ಹೊಸದಾಗಿ ಕಲಿಯುವ ದೊಡ್ಡವರಿಗೆ ನರ ಹಾಕುವ ಮೊದಲಿನ ತೂಕ 260ರಿಂದ 285 ಗ್ರಾಂ ನಡುವೆ ಇದ್ದರೆ ಸಾಕು. 300 ದಾಟಿದ್ದು ಪಳಗಿದ ಕೈಗೆ.

ಚೌಕಟ್ಟಿನ ಮೇಲೆ ಅಚ್ಚಾಗಿರುವುದು ಸಾಮಾನ್ಯವಾಗಿ ನರವಿಲ್ಲದ ತೂಕ ಎಂಬುದನ್ನು ನೆನಪಿಡಬೇಕು. ನರಕ್ಕೆ 15–18 ಗ್ರಾಂ, ಹಿಡಿಯ ಮೇಲುಪಟ್ಟಿಗೆ ಐದಾರು ಗ್ರಾಂ ಸೇರುತ್ತದೆ. 280 ಎಂದು ಬರೆದದ್ದು ಕೈಗೆ ಬರುವಾಗ 300. ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎನ್ನುವುದು. 27 ಇಂಚಿನ ರ‍್ಯಾಕೆಟ್‌ನ ನಡುಮಧ್ಯವನ್ನು ಒಂದು ಬೆರಳಿನ ಮೇಲೆ ಇಟ್ಟು ನೋಡಿ. ತಲೆ ಕೆಳಗೆ ವಾಲಿದರೆ ತಲೆಭಾರ, ಹಿಡಿ ವಾಲಿದರೆ ಹಿಡಿಭಾರ. ಹಗುರವಾದ ಅಗ್ಗದ ರ‍್ಯಾಕೆಟ್‌ಗಳು ಸಾಮಾನ್ಯವಾಗಿ ತಲೆಭಾರದವು. ಇಲ್ಲದಿದ್ದರೆ ಚೆಂಡು ನೆಟ್ ದಾಟುವುದಿಲ್ಲ. ಭಾರವಾದವು ಹಿಡಿಭಾರದವು, ಇಲ್ಲದಿದ್ದರೆ ತಿರುಗಿಸಲಾಗುವುದಿಲ್ಲ. ಕಲಿಯುವವರಿಗೆ ಹೆಚ್ಚುಕಡಿಮೆ ಸಮತೂಕದ್ದು ನಡೆಯುತ್ತದೆ.

ಮೂರನೆಯದು ತಲೆಯ ಅಗಲ. ಇದರ ಹಿಂದೆ ಒಂದು ಒಳ್ಳೆಯ ಕತೆ ಇದೆ. ಮರದ ಕಾಲದಲ್ಲಿ ರ‍್ಯಾಕೆಟ್‌ನ ತಲೆ 65–70 ಚದರ ಇಂಚು ಇರುತ್ತಿತ್ತು, ತೂಕ 370 ಗ್ರಾಂ ದಾಟುತ್ತಿತ್ತು. ಚೆಂಡು ನಡುವಿಗೆ ಬೀಳದಿದ್ದರೆ ಹಿಡಿ ಕೈಯೊಳಗೆ ಗಿರ್ರನೆ ತಿರುಗುತ್ತಿತ್ತು. ಲೋಹದ ಸ್ಕೀಗಳನ್ನು ಮಾಡಿ ಹೆಸರಾಗಿದ್ದ ಅಮೆರಿಕದ ಹೊವಾರ್ಡ್ ಹೆಡ್ ಎಂಬ ಎಂಜಿನಿಯರ್ ನಡುವಯಸ್ಸಿನಲ್ಲಿ ಟೆನಿಸ್ ಕಲಿಯಲು ಹೋಗಿ ಇದೇ ಗೋಳನ್ನು ಅನುಭವಿಸಿದರು. ತನ್ನ ಕೈಯನ್ನು ತಿದ್ದುವ ಬದಲು ರ‍್ಯಾಕೆಟ್ಟನ್ನೇ ತಿದ್ದಿದರು. ತಲೆಯನ್ನು ಅಗಲ ಮಾಡಿದರೆ ಅಂಚಿನ ತೂಕ ನಡುಗೆರೆಯಿಂದ ದೂರ ಸರಿಯುತ್ತದೆ, ರ‍್ಯಾಕೆಟ್ ಸುಲಭಕ್ಕೆ ತಿರುಗುವುದಿಲ್ಲ. ದೋಣಿ ಅಗಲವಾದಷ್ಟೂ ಮಗುಚುವುದು ಕಷ್ಟ ಎನ್ನುವ ಲೆಕ್ಕವೇ. 1976ರಲ್ಲಿ ಪ್ರಿನ್ಸ್ ಕಂಪನಿಯಿಂದ 110 ಚದರ ಇಂಚಿನ ಅಲ್ಯೂಮಿನಿಯಂ ರ‍್ಯಾಕೆಟ್ ಹೊರಬಂತು. ಇದು ಮುದುಕರ ಆಟಿಕೆ ಎಂದು ಪಳಗಿದವರು ನಕ್ಕರು. ಎರಡೇ ವರ್ಷದಲ್ಲಿ, 1978ರ ಅಮೆರಿಕನ್ ಓಪನ್‌ನಲ್ಲಿ ಪ್ಯಾಮ್ ಶ್ರೈವರ್ ಎಂಬ 16 ವರ್ಷದ ಹುಡುಗಿ ಅದೇ ಆಟಿಕೆ ಹಿಡಿದು ಮಾರ್ಟಿನಾ ನವ್ರಾಟಿಲೋವಾರನ್ನು ಸೋಲಿಸಿ ಫೈನಲ್ ಸೇರಿದಾಗ ನಗು ನಿಂತಿತು.

ತಲೆ ಸಣ್ಣದಿದ್ದರೆ ಹಿಡಿತ ಹೆಚ್ಚು ಎನ್ನುವುದು ಸುಳ್ಳಲ್ಲ. ಪೀಟ್ ಸಾಂಪ್ರಾಸ್ 85 ಚದರ ಇಂಚಿನಲ್ಲೇ 14 ಗ್ರ್ಯಾನ್ ಸ್ಲಾಮ್ ಗೆದ್ದರು. ಆದರೆ ಅವರು ಸಾಂಪ್ರಾಸ್. ರೋಜರ್ ಫೆಡರರ್ ಅಂಥವರೇ 90ರಿಂದ 97ಕ್ಕೆ ಬಂದದ್ದು 2014ರಲ್ಲಿ, 32 ವರ್ಷ ದಾಟಿದ ಮೇಲೆ. 2017–18ರ ಮೂರು ಗ್ರ್ಯಾನ್ ಸ್ಲಾಮ್ ಗೆದ್ದದ್ದು ಆ ದೊಡ್ಡ ತಲೆಯಲ್ಲಿ. ಅಂಥವರಿಗೆ ಇಲ್ಲದ ಬಿಗುಮಾನ ನಮಗೆ ಯಾಕೆ? ಕಲಿಯುವವರು 100ರಿಂದ 110ರ ನಡುವೆ ಆರಿಸಿಕೊಳ್ಳಲಿ. ಕೆಲವುಗಳ ಮೇಲೆ ಚದರ ಸೆಂಟಿಮೀಟರ್ ಲೆಕ್ಕ ಇರುತ್ತದೆ. 645 ಎಂದರೆ 100 ಚದರ ಇಂಚು, 677 ಎಂದರೆ 105.

ನಾಲ್ಕನೆಯದು ವಸ್ತು. ಮಾವನ ಹದಿನಾರು ಸಾವಿರದ ಆರುನೂರು ಅಡಗಿ ಕೂತಿರುವ ಮುಖ್ಯ ಜಾಗ ಇದು. 1,400ರದ್ದು ಅಲ್ಯೂಮಿನಿಯಂ ಕೊಳವೆಯನ್ನು ಬಗ್ಗಿಸಿ, ಕತ್ತಿನಲ್ಲಿ ಪ್ಲಾಸ್ಟಿಕ್ ತುಂಡು ಸೇರಿಸಿ ಮಾಡಿದ್ದು. ಹಗುರ, ಮುರಿಯುವುದು ಕಡಿಮೆ, ಆದರೆ ಪೆಟ್ಟಿನ ನಡುಕವನ್ನು ನೇರ ಕೈಗೆ ದಾಟಿಸುತ್ತದೆ. 18,000ದ್ದು ಪೂರ್ತಿ ಗ್ರಾಫೈಟ್, ಅಂದರೆ ಇಂಗಾಲದ ಎಳೆಗಳನ್ನು ಅಂಟಿನಲ್ಲಿ ನೆನೆಸಿ ಪದರ ಪದರವಾಗಿ ಅಚ್ಚಿಗೆ ಹಾಕಿ ಬೇಯಿಸಿದ್ದು. ಎಲ್ಲಿ ಗಟ್ಟಿ ಬೇಕು, ಎಲ್ಲಿ ಮಣಿಯಬೇಕು ಎಂದು ಬೇಕಾದಂತೆ ಮಾಡಬಹುದು. ಎರಡರ ನಡುವೆ ಮೂರರಿಂದ ಆರು ಸಾವಿರದವರೆಗೆ ಮಿಶ್ರ ಜಾತಿಯವು ಸಿಗುತ್ತವೆ: ಒಂದಿಷ್ಟು ಗ್ರಾಫೈಟ್, ಒಂದಿಷ್ಟು ಬೇರೆ. ಇವುಗಳ ಮೇಲೆ ‘ಗ್ರಾಫೈಟ್’ ಎಂಬ ಅಕ್ಷರ ದೊಡ್ಡದಾಗಿಯೂ ‘ಕಾಂಪೋಸಿಟ್’ ಎಂಬುದು ಚಿಕ್ಕದಾಗಿಯೂ ಇರುತ್ತದೆ. ಚಿಕ್ಕ ಅಕ್ಷರ ಓದುವುದು ನಮ್ಮ ಕೆಲಸ. ಮೇಲಿನ ಬೆಲೆಯಲ್ಲಿ ವಸ್ತು ಮಾತ್ರವಲ್ಲ, ಜಾಹೀರಾತಿನಲ್ಲಿ ನಗುವ ಆಟಗಾರನ ಪಾಲೂ ಇದೆ. ಹೆಸರು ಅಮೆರಿಕದ್ದಿರಲಿ ಫ್ರಾನ್ಸಿನದ್ದಿರಲಿ, ಜಗತ್ತಿನ ಬಹುಪಾಲು ರ‍್ಯಾಕೆಟ್‌ಗಳು ಇಂದು ತಯಾರಾಗುವುದು ಚೀನಾದಲ್ಲಿ. ಎಷ್ಟೋ ದೊಡ್ಡ ಆಟಗಾರರ ಕೈಯಲ್ಲಿರುವುದು ಹಳೆಯ ಮಾದರಿಯ ಚೌಕಟ್ಟಿಗೆ ಹೊಸದರ ಬಣ್ಣ ಹೊಡೆದದ್ದು ಎನ್ನುವುದೂ ಆ ವಲಯದಲ್ಲಿ ಗುಟ್ಟೇನಲ್ಲ. ಅವರ ಹೆಸರಿನದ್ದನ್ನು ಕೊಂಡರೂ ಅವರ ರ‍್ಯಾಕೆಟ್ ನಮಗೆ ಬರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು? ಮಗುವಿಗೆ ಅಲ್ಯೂಮಿನಿಯಂ ಧಾರಾಳ ಸಾಕು. ಒಂದೂವರೆ ವರ್ಷದಲ್ಲಿ ಮಗು ಬೆಳೆದು ಅದನ್ನು ದಾಟುತ್ತದೆ. ಆಟ ಹಿಡಿಸುತ್ತದೋ ಇಲ್ಲವೋ ಎಂದು ನೋಡುವ ದೊಡ್ಡವರಿಗೂ ಮೊದಲ ಮೂರು ತಿಂಗಳಿಗೆ ಅದೇ ಸಾಕು. ಹಿಡಿಸಿತು, ವಾರಕ್ಕೆ ಎರಡು ಮೂರು ದಿನ ಹೋಗುತ್ತೇವೆ ಎಂದಾದರೆ ಮಿಶ್ರದ್ದನ್ನು ಬಿಟ್ಟು ನೇರ ಪೂರ್ತಿ ಗ್ರಾಫೈಟ್‌ಗೆ ಹೋಗುವುದು ಮೇಲು. ಆದರೆ ಈ ವರ್ಷದ್ದಲ್ಲ. ಕಂಪನಿಗಳು ಎರಡು ಮೂರು ವರ್ಷಕ್ಕೊಮ್ಮೆ ಮಾದರಿ ಬದಲಿಸುತ್ತವೆ. ಹೊಸತು ಬಂದ ದಿನ ಹಳೆಯದರ ಬೆಲೆ ಇಳಿಯುತ್ತದೆ, ಗುಣ ಇಳಿಯುವುದಿಲ್ಲ.

ಇನ್ನು ಬದಲಿಸಬಹುದಾದವುಗಳಿಗೆ ಬರೋಣ. ಇಲ್ಲಿ ನನ್ನ ಮೊಣಕೈ ಸಾಕ್ಷಿ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ರ ಪ್ರಾಯದಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರು. ನಲವತ್ತು ದಾಟಿದ ಕನ್ನಡಿಗರೆಲ್ಲ ಆ ವಾರ ಬೆನ್ನು ನೆಟ್ಟಗೆ ಮಾಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ನಿಲ್ಲಲಿಲ್ಲ, ಅಂಗಡಿಗೆ ಹೋದೆ. 305 ಗ್ರಾಂ ಚೌಕಟ್ಟು, ಪಾಲಿಯೆಸ್ಟರ್ ನರ, ಬಿಗಿ 56 ಪೌಂಡ್. “ಜೋರು ಹೊಡೆಯಬೇಕಾದರೆ ಬಿಗಿ ಇರಬೇಕು” ಎಂದು ಅಂಗಡಿಯಾತ ಹೇಳಿದ, ನಾನು ತಲೆಯಾಡಿಸಿದೆ. ಮೂರು ತಿಂಗಳಲ್ಲಿ ಕಟಿಂಗ್ ಚಹಾದ ಗ್ಲಾಸು ಎತ್ತಿದರೆ ಮೊಣಕೈಯ ಹೊರಬದಿಯಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಡಾಕ್ಟರು ಟೆನಿಸ್ ಎಲ್ಬೊ ಎಂದರು. ಕಾಯಿಲೆಗಾದರೂ ಆಟಗಾರನ ಹೆಸರು ಬಂತಲ್ಲ ಎಂದು ಹೆಂಡತಿ ಸಮಾಧಾನ ಹೇಳಿದಳು.

ಮುಂಬಯಿಯ ಅಂಗಡಿಗಳಲ್ಲಿ ನರ ಹಾಕುವುದಕ್ಕೆ ಗಟ್ಟಿಂಗ್ ಎನ್ನುತ್ತಾರೆ. ಗಟ್ಟಿ ಮಾಡುವುದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅದು ಪ್ರಾಣಿಯ ಕರುಳಿಗಿರುವ ಇಂಗ್ಲಿಷ್ ಪದದಿಂದ ಬಂದದ್ದು. ಹಿಂದೆ ನರಗಳನ್ನು ಕುರಿಯ ಕರುಳಿನಿಂದ ಮಾಡುತ್ತಿದ್ದರು, ಈಗಲೂ ಅತಿ ದುಬಾರಿ ನರ ಹಸುವಿನ ಕರುಳಿನದ್ದೇ. ಫ್ರಾನ್ಸಿನ ಲಿಯೋನ್ ನಗರದ ಬಾಬೊಲಾ ಕಂಪನಿ 1875ರಿಂದ ಟೆನಿಸ್ ನರ ಮಾಡುತ್ತಿತ್ತು. ಅದು ಮೊದಲ ರ‍್ಯಾಕೆಟ್ ಮಾಡಿದ್ದು 1994ರಲ್ಲಿ. ನೂರಹತ್ತೊಂಬತ್ತು ವರ್ಷ ಒಂದು ಕಂಪನಿ ಮುಖ್ಯವಾಗಿ ನರದ ಮೇಲೆ ಬದುಕಿತೆಂದರೆ ಆಟದಲ್ಲಿ ನರದ ಪಾಲು ಎಷ್ಟೆಂದು ಊಹಿಸಬಹುದು. ಚೆಂಡನ್ನು ಮುಟ್ಟುವುದು ನರ, ಚೌಕಟ್ಟಲ್ಲ.

ಬಿಗಿಯ ವಿಷಯದಲ್ಲಿ ಅಂಗಡಿಯಾತ ಹೇಳಿದ್ದು ತಲೆಕೆಳಗಿನ ಮಾತು. ಹಗ್ಗದ ಮಂಚ ನೆನಪಿಸಿಕೊಳ್ಳಿ. ಸಡಿಲ ಹೆಣೆದ ಮಂಚದ ಮೇಲೆ ಹಾರಿದ ಮಗು ಮೇಲಕ್ಕೆ ಚಿಮ್ಮುತ್ತದೆ, ಬಿಗಿ ಹೆಣೆದದ್ದರ ಮೇಲೆ ಹಲಗೆಗೆ ಬಿದ್ದಂತೆ ಬೀಳುತ್ತದೆ. ನರ ಸಡಿಲವಿದ್ದಷ್ಟೂ ಚೆಂಡಿಗೆ ಚಿಮ್ಮು ಹೆಚ್ಚು, ಕೈಗೆ ಪೆಟ್ಟು ಕಡಿಮೆ. ಬಿಗಿ ಇದ್ದಷ್ಟೂ ಚೆಂಡು ಹೇಳಿದಲ್ಲಿ ಬೀಳುತ್ತದೆ, ಆದರೆ ಬಲವನ್ನು ಕೈಯೇ ಕೊಡಬೇಕು. ಎಷ್ಟು ಪೌಂಡಿನಿಂದ ಎಷ್ಟರವರೆಗೆ ಎಂದು ಚೌಕಟ್ಟಿನ ಮೇಲೆ ಬರೆದಿರುತ್ತದೆ. ಹೊಸಬರು ಅದರ ಕೆಳಗಿನ ಅರ್ಧದಲ್ಲಿ ಇರಲಿ.

ನರದಲ್ಲಿ ಜಾತಿಗಳಿವೆ. ಪಾಲಿಯೆಸ್ಟರ್ ಜನಪ್ರಿಯವಾದದ್ದು 1997ರಲ್ಲಿ ಬ್ರೆಜಿಲಿನ ಗುಸ್ತಾವೊ ಕುರ್ಟೆನ್ ಅದನ್ನು ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ. ಅದು ಪೂರ್ತಿ ಬೀಸಿ ಚೆಂಡನ್ನು ಬುಗುರಿಯಂತೆ ತಿರುಗಿಸಬಲ್ಲವರಿಗೆ. ನಮ್ಮಂಥವರಿಗೆ ಅದು ತಂತಿ. ಬೇಗ ಬಿಗಿ ಕಳೆದುಕೊಳ್ಳುತ್ತದೆ, ಆದರೆ ಸುಲಭಕ್ಕೆ ತುಂಡಾಗುವುದಿಲ್ಲ. ಸತ್ತ ನರದಲ್ಲಿ ಆಡುತ್ತಿದ್ದೇವೆ ಎಂದು ಗೊತ್ತಾಗುವುದು ಮೊಣಕೈಗೆ. ಸಿಂಥೆಟಿಕ್ ಗಟ್ ಎಂಬ ಸಾದಾ ನೈಲಾನ್ ನರ ಅಗ್ಗ, ಮೆತ್ತಗೆ, ಕಲಿಯುವವರಿಗೆ ಹೇಳಿ ಮಾಡಿಸಿದ್ದು. ನನ್ನ ಅದೇ ರ‍್ಯಾಕೆಟ್‌ಗೆ ಈ ನೈಲಾನ್ ನರವನ್ನು 50 ಪೌಂಡಿಗೆ ಇಳಿಸಿ ಹಾಕಿಸಿದೆ. ಕೆಲವು ನೂರು ರೂಪಾಯಿ ಮತ್ತು ಎರಡು ತಿಂಗಳ ವಿಶ್ರಾಂತಿಯಲ್ಲಿ ಮೊಣಕೈ ಮನೆಗೆ ಮರಳಿತು. ನರ ಬದಲಿಸಿ ಪಾರಾದೆ. 305 ಗ್ರಾಂ ಮಾತ್ರ ಹಾಗೇ ಇದೆ, ಎರಡನೆಯ ಸೆಟ್ಟಿನಲ್ಲಿ ಭುಜ ಅದನ್ನು ನೆನಪಿಸುತ್ತದೆ. ಅಂದಹಾಗೆ ನರಗಳ ನಡುವೆ ಸಿಕ್ಕಿಸುವ ರಬ್ಬರಿನ ಗುಂಡಿ ‘ಟಣ್’ ಎನ್ನುವ ಸದ್ದನ್ನು ತಗ್ಗಿಸುತ್ತದೆ, ನೋವನ್ನಲ್ಲ.

ವಾರಕ್ಕೆ ಎಷ್ಟು ದಿನ ಆಡುತ್ತೇವೋ ವರ್ಷಕ್ಕೆ ಅಷ್ಟು ಸಲ ನರ ಬದಲಿಸಬೇಕು ಎಂಬ ಹಳೆಯ ಲೆಕ್ಕವಿದೆ. ಅಲ್ಯೂಮಿನಿಯಂ ರ‍್ಯಾಕೆಟ್‌ಗೆ ಮಾತ್ರ ಈ ಲೆಕ್ಕ ಹಿಡಿಸದು. ಅವು ಕಾರ್ಖಾನೆಯಿಂದಲೇ ನರ ಹಾಕಿಸಿಕೊಂಡು ಬರುತ್ತವೆ. ಅದು ಹೋದಾಗ ಹೊಸ ಗಟ್ಟಿಂಗ್‌ನ ಖರ್ಚು ರ‍್ಯಾಕೆಟ್‌ನ ಬೆಲೆಯ ದೊಡ್ಡ ಪಾಲಾಗುತ್ತದೆ.

ಹಿಡಿಯ ಸುತ್ತಳತೆಯನ್ನು ಎಲ್1, ಎಲ್2, ಎಲ್3 ಎಂದು ಗುರುತಿಸಿರುತ್ತಾರೆ. ಎಲ್2 ಎಂದರೆ ನಾಲ್ಕೂಕಾಲು ಇಂಚು. ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಉಳಿಯಬೇಕು. ಎರಡರ ನಡುವೆ ಅನುಮಾನವಿದ್ದರೆ ಸಣ್ಣದೇ ಇರಲಿ. ಮೇಲುಪಟ್ಟಿ ಸುತ್ತಿ ದಪ್ಪ ಮಾಡಬಹುದು, ದಪ್ಪಗಿರುವುದನ್ನು ಸಣ್ಣ ಮಾಡಲು ಸುಲಭದ ದಾರಿಯಿಲ್ಲ. ನಮ್ಮ ಊರಿನ ಬೆವರಿಗೆ ಈ ಪಟ್ಟಿಯನ್ನು ತಿಂಗಳಿಗೊಮ್ಮೆಯಾದರೂ ಬದಲಿಸುವುದು ಒಳ್ಳೆಯದು. ಜಾರುವ ಹಿಡಿಯನ್ನು ಬಿಗಿಯಾಗಿ ಹಿಡಿದು ಹಿಡಿದೇ ಎಷ್ಟೋ ಮೊಣಕೈಗಳು ಕೆಡುವುದು.

ಇಷ್ಟೆಲ್ಲ ಕೇಳಿದ ಮಾವ “ಹಾಗಾದರೆ ನಾಳೆಯೇ ಹೋಗುವ” ಎಂದರು. ನಾನು “ಬೇಡ, ಮಳೆ ಮುಗಿಯಲಿ” ಎಂದೆ. ಅವರಿಗೆ ಇದು ಜಿಪುಣತನದ ಪರಮಾವಧಿ ಅನ್ನಿಸಿರಬೇಕು.

ಆದರೆ ಸಾಂತಾಕ್ರೂಜ್‌ನಲ್ಲಿ ಇದ್ದು ಮಳೆಯ ಲೆಕ್ಕ ಬಿಡುವಂತಿಲ್ಲ. ಮುಂಬಯಿಯ ಮಳೆಯನ್ನು ಮುಖ್ಯವಾಗಿ ಅಳೆಯುವುದು ಎರಡು ಕಡೆ, ಕೊಲಾಬಾ ಮತ್ತು ಸಾಂತಾಕ್ರೂಜ್. 2005ರ ಜುಲೈ 26ರಂದು ಇಲ್ಲಿನ ವೀಕ್ಷಣಾಲಯ ಒಂದೇ ದಿನದಲ್ಲಿ 944 ಮಿಲಿಮೀಟರ್ ದಾಖಲಿಸಿತ್ತು. ಆ ದಿನ ಕಲಿನಾದ ನೆಲಮಹಡಿಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರಿಸಲು ಜನ ಈಗಲೂ ಎದೆಯ ಮೇಲೆ ಕೈ ಇಡುತ್ತಾರೆ. ಅಂಥ ಮಳೆ ಪ್ರತಿ ವರ್ಷ ಬಾರದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಅಂಗಣದಲ್ಲಿ ಆಟ ನಡೆಯುವುದು ಅಪರೂಪ. ಮೇ ತಿಂಗಳಲ್ಲಿ ಕೊಂಡ ರ‍್ಯಾಕೆಟ್ ನಾಲ್ಕು ತಿಂಗಳು ಕಪಾಟಿನ ಮೇಲೆ ಮಲಗುತ್ತದೆ. ಆಡದಿದ್ದರೂ ನರ ಸಡಿಲವಾಗುತ್ತದೆ, ಹಿಡಿಯ ಪಟ್ಟಿಗೆ ಬೂಸಲು ಬರುತ್ತದೆ, ಡಬ್ಬಿ ತೆರೆದ ಚೆಂಡುಗಳು ಗಾಳಿ ಕಳೆದುಕೊಂಡು ಸಪ್ಪೆಯಾಗುತ್ತವೆ. ಮಗುವಾದರೆ ಆ ನಾಲ್ಕು ತಿಂಗಳಲ್ಲಿ ಬೆಳೆಯುತ್ತದೆ. ಶಿಬಿರದಲ್ಲಿ ಕೋಚ್ ಹೇಗೂ ಆಡಲು ರ‍್ಯಾಕೆಟ್ ಕೊಡುತ್ತಾರೆ. ಅದರಲ್ಲಿ ಆಡಿ, ಯಾವುದು ಹಿಡಿಸುತ್ತದೆ ಎಂದು ತಿಳಿದು, ಅಕ್ಟೋಬರ್‌ನಲ್ಲಿ ಕೊಂಡರೆ ಎಂಟು ತಿಂಗಳ ಒಣಹವೆ ಮುಂದೆ ಇರುತ್ತದೆ.

ಅಕ್ಟೋಬರ್‌ನಲ್ಲಿ ಮೂವರೂ ಹೊರಟೆವು. ಸಾಂತಾಕ್ರೂಜ್‌ನಿಂದ ಸ್ಲೋ ಲೋಕಲ್ ಹಿಡಿದು ಮರೀನ್ ಲೈನ್ಸ್‌ನಲ್ಲಿ ಇಳಿದರೆ ಧೋಬಿ ತಲಾವ್ ನಡಿಗೆಯ ದೂರ. ಮೆಟ್ರೊ ಸಿನಿಮಾದ ಆಸುಪಾಸಿನಲ್ಲಿ ಸಾಲಾಗಿ ಆಟದ ಸಾಮಾನಿನ ಅಂಗಡಿಗಳು: ಕ್ರಿಕೆಟ್ ಬ್ಯಾಟು, ಕ್ಯಾರಂ ಬೋರ್ಡು, ಕಪ್ಪು, ಪದಕ. ಇಂಥ ಅಂಗಡಿಗಳ ಬ್ಯಾಟು ಚೆಂಡುಗಳ ಹಿಂದೆ ದೇಶ ವಿಭಜನೆಯ ಕತೆಯೂ ಇದೆ. 1947ಕ್ಕೆ ಮೊದಲು ಈ ಸಾಮಾನುಗಳ ತವರು ಸಿಯಾಲ್‌ಕೋಟ್; ವಿಭಜನೆಯ ನಂತರ ಅಲ್ಲಿಂದ ಬಂದ ಕಸುಬುದಾರರು ಜಲಂಧರ್ ಮತ್ತು ಮೀರಟ್‌ಗಳಲ್ಲಿ ಮತ್ತೆ ಬೇರುಬಿಟ್ಟರು. ಆನ್‌ಲೈನ್‌ನಲ್ಲಿ ನೂರು ಇನ್ನೂರು ಕಡಿಮೆಗೆ ಸಿಗಬಹುದು, ಆದರೆ ಬೆರಳ ಮೇಲೆ ತೂಗಿ, ಕೈಗೆ ಕೊಟ್ಟು, ನೆಲಕ್ಕೆ ಹಿಡಿದು ನೋಡಲು ಅಂಗಡಿಗೇ ಹೋಗಬೇಕು.

ಬಳಸಿದ್ದನ್ನು ಕೊಳ್ಳುವವರಿಗೂ ಒಂದು ಮಾತು. ತಲೆಯ ತುದಿಯಲ್ಲಿ ಗೀರುಗಳಿದ್ದರೆ ಹೆದರಬೇಡಿ, ಅದು ನೆಲ ಉಜ್ಜಿದ ಗುರುತು. ಕತ್ತಿನಲ್ಲೋ ಪಕ್ಕೆಯಲ್ಲೋ ಕೂದಲೆಳೆಯ ಬಿರುಕು ಇದ್ದರೆ ಬಿಟ್ಟುಬಿಡಿ. ನರ ಹಾಕುವ ಯಂತ್ರದ ಮೇಲೆ ಅದು ಬಾಯ್ದೆರೆಯುತ್ತದೆ. ನರ ಹಾಯುವ ಪ್ಲಾಸ್ಟಿಕ್ ನಳಿಗೆಗಳು ಮುರಿದಿದ್ದರೆ ಆ ಮಾದರಿಯವು ಇನ್ನೂ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿ. ಅರ್ಧ ಬೆಲೆಗೆ ‘ಹೊಚ್ಚ ಹೊಸದು’ ಎಂದು ಯಾರಾದರೂ ಕೊಟ್ಟರೆ ಅಡುಗೆಮನೆಯ ತಕ್ಕಡಿಯಲ್ಲಿ ಇಡಿ. ಬರೆದ ತೂಕಕ್ಕೂ ಇರುವ ತೂಕಕ್ಕೂ ಲೆಕ್ಕ ತಾಳೆಯಾಗದಿದ್ದರೆ ನಕಲಿಯ ಶಂಕೆ ಪಡಬಹುದು. ಉಳಿಸಿದ ದುಡ್ಡಿನಲ್ಲಿ ಮೊದಲು ಶೂ ಕೊಳ್ಳಿ. ಓಟದ ಶೂ ಮುಂದಕ್ಕೆ ಓಡಲು ಮಾಡಿದ್ದು. ಟೆನಿಸ್‌ನಲ್ಲಿ ಅಡ್ಡಡ್ಡ ಓಡುವಾಗ ಅದರ ಎತ್ತರದ ಮೆತ್ತೆ ಪಾದವನ್ನು ಹೊರಳಿಸುತ್ತದೆ.

ಏಪ್ರಿಲ್‌ನಲ್ಲಿ ಮಗುವಿನ ಎತ್ತರ 124 ಸೆಂಟಿಮೀಟರ್ ಇತ್ತು, 23 ಇಂಚಿನ ಅಳತೆ. ಅಂಗಡಿಯ ಗೋಡೆಗೆ ನಿಲ್ಲಿಸಿ ಅಳೆದಾಗ 127. ಕೈಗೆ ಕೊಟ್ಟ 25 ಇಂಚಿನ ತುದಿ ನೆಲವನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತು. ಏಪ್ರಿಲ್‌ನಲ್ಲಿ ಕೊಂಡಿದ್ದರೆ ಈಗ ಎರಡನೆಯದನ್ನು ಕೊಳ್ಳಬೇಕಿತ್ತು ಎಂಬುದು ಮಾವನಿಗೆ ತಟ್ಟನೆ ಹೊಳೆಯಿತು. ಹೋಟೆಲಿನವರಿಗೆ ಉಳಿದ ದುಡ್ಡು ಗಳಿಸಿದ ದುಡ್ಡೇ. ಅಲ್ಯೂಮಿನಿಯಂನದ್ದು, 1,700 ರೂಪಾಯಿ. ಜೊತೆಗೆ ಕಿತ್ತಳೆ ಗುರುತಿನ ಮೂರು ಚೆಂಡು.

ಬಿಲ್ಲು ಬರೆಯುವ ಹೊತ್ತಿಗೆ ಮಗು ಗಾಜಿನ ಕಪಾಟಿನತ್ತ ಬೆರಳು ತೋರಿಸಿತು. ಕಡುಗುಲಾಬಿ ಬಣ್ಣದ ಮೇಲುಪಟ್ಟಿ. ಮಾವನ ಮುಖ ಬಿಗಿಯಿತು. “ಹಿಡಿಗೆ ಕಪ್ಪು ಪಟ್ಟಿ ಉಂಟಲ್ಲ ಮಗಾ, ಬರೀ ಬಣ್ಣಕ್ಕೆ ಯಾಕೆ ದುಡ್ಡು?”

“ಮಾವ, ಉದ್ದ ನಾವು ನೋಡಿದೆವು, ತೂಕ ನಾವು ನೋಡಿದೆವು. ಇದು ಹೇಗೂ ತಿಂಗಳಿಗೊಮ್ಮೆ ಬದಲಿಸುವಂಥದ್ದು. ಇದನ್ನಾದರೂ ಅವಳು ನೋಡಲಿ.”

ಮಾವ ಒಂದು ಕ್ಷಣ ಯೋಚಿಸಿ, ಅಂಗಡಿಯವನಿಗೆ ಎರಡು ಕೊಡು ಎಂದರು. ಲೋಕಲ್‌ನಲ್ಲಿ ಕಿಟಕಿ ಬದಿಯಲ್ಲಿ ಕೂತು ಮಗು ಪಟ್ಟಿ ಸುತ್ತತೊಡಗಿತು. ದಾದರ್ ಬರುವಷ್ಟರಲ್ಲಿ ಒಂದು ಸುತ್ತು ಸೊಟ್ಟಗಾಗಿತ್ತು. ಬಿಚ್ಚಿ, ಮತ್ತೆ ಮೊದಲಿನಿಂದ ಸುತ್ತಿತು.